ಕೃಪೆ ಸಿಕ್ಕ ಮೇಲೂ ಆಜ್ಞೆ ಯಾಕೆ?

ಪ್ರಶ್ನೆ: ಅಯ್ಯನವರೇ, ನಾವು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯವರು. ನಮ್ಮ ಯಜಮಾನರು ಅಡಿಕೆ ಚೇಣಿ ಮಾಡುತ್ತಾರೆ, ಅಂದರೆ ಬೇರೆಯವರ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಸುಲಿಯಲು ಬರುವ ಹೆಂಗಸರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ತೂಗುವಾಗ ಪ್ರತಿ ಸಲ ‘ಸಿಪ್ಪೆ, ಕಸ’ ಅಂತ ಇವರು ಒಂದಿಷ್ಟು ಮುರಿದುಕೊಳ್ಳುತ್ತಾರೆ. ಕೇಳಿದರೆ, ‘ಎಲ್ಲ ಕಡೆ ಹೀಗೇ ನಡೆಯೋದು. ನಾವು ಕೃಪೆಯಿಂದ ರಕ್ಷಣೆ ಹೊಂದಿದವರು, ಧರ್ಮಶಾಸ್ತ್ರಕ್ಕೆ (ಮೋಶೆಯ ಮೂಲಕ ಬಂದ ಆಜ್ಞೆಗಳಿಗೆ) ಅಧೀನರಲ್ಲ’ ಅನ್ನುತ್ತಾರೆ. ಅವರಿಗೆ ದೇವರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆರಾಧನೆಯಲ್ಲಿ ಕಣ್ಣೀರಿಟ್ಟು ಹಾಡುತ್ತಾರೆ. ನಮ್ಮ ಅತ್ತೆ ಇದಕ್ಕೆ ಪೂರ್ತಿ ಉಲ್ಟಾ. ಒಂದು ಭಾನುವಾರ ಚರ್ಚ್ ತಪ್ಪಿದರೂ ದೇವರು ಏನು ಮಾಡಿಬಿಡುತ್ತಾರೋ ಅಂತ ಹೆದರುತ್ತಾರೆ. ಇಬ್ಬರಲ್ಲಿ ಯಾರು ಸರಿ? ಬಿಲ್ ಇಲ್ಲದೆ ಅಡಿಕೆ ಮಾರೋದೂ ಪಾಪಾನಾ? ಇನ್ನೊಂದು ಮಾತು. ನನಗೆ ದೇವರ ಮೇಲೆ ಪ್ರೀತಿ ಉಕ್ಕಿ ಬರುವುದಿಲ್ಲ. ಮಾಡಬೇಕಲ್ಲ ಅಂತ ಸುಮ್ನೆ ಮಾಡುತ್ತೇನೆ. ಅದು ಕಪಟವೇ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ನಾವು ರಕ್ಷಣೆ ಹೊಂದಿದ್ದು ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರು ಕೊಟ್ಟ ವರ, ನಾವು ದುಡಿದು ಗಳಿಸಿದ್ದಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8 ಮತ್ತು 9ನೇ ವಚನಗಳಲ್ಲಿ ಪೌಲ ಇದನ್ನು ಒಂದಿಷ್ಟೂ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುತ್ತಾನೆ. ನಮ್ಮ ಸಭೆಗಳಲ್ಲಿ ಮಕ್ಕಳಿಗೂ ಈ ವಚನಗಳು ಬಾಯಿಪಾಠ. ಆದರೆ 10ನೇ ವಚನವನ್ನೂ ಅದರ ಜತೆ ಕಲಿಸಬೇಕು. ಒಳ್ಳೆಯ ಕೆಲಸಗಳನ್ನು ಮಾಡುವುದಕ್ಕಾಗಿಯೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಿದರು, ಆ ಕೆಲಸಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದಾರೆ ಅಂತ ಅಲ್ಲಿದೆ. ಮೂರು ವಚನ ಸೇರಿಯೇ ಒಂದು ಮಾತು. ಎರಡಕ್ಕೇ ನಿಲ್ಲಿಸಿದರೆ ಮಾತು ಕೆಡುತ್ತದೆ.

ಈಗ ದಶಾಜ್ಞೆಗೆ ಬರೋಣ. ಅದರ ಮೊದಲ ಸಾಲು ಯಾವುದು ಅಂತ ಕೇಳಿದರೆ ಹೆಚ್ಚಿನವರು ‘ನಾನಲ್ಲದೆ ನಿನಗೆ ಬೇರೆ ದೇವರುಗಳು ಇರಬಾರದು’ ಅನ್ನುತ್ತಾರೆ. ವಿಮೋಚನಕಾಂಡದ 20ನೇ ಅಧ್ಯಾಯ ತೆರೆದು ನೋಡಿ. ಅದಕ್ಕೂ ಮುಂಚೆ ಒಂದು ಸಾಲಿದೆ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ನಿನ್ನನ್ನು ಬಿಡಿಸಿ ಕರೆತಂದ ದೇವರು ನಾನೇ ಅಂತ ದೇವರು ಹೇಳುತ್ತಾರೆ. ಆಮೇಲೆ ಆಜ್ಞೆ. ಸಮುದ್ರ ದಾಟಿ ಆಗಿತ್ತು, ಐಗುಪ್ತದ ಅರಸ ಫರೋಹನ ಸೈನ್ಯ ಮುಳುಗಿ ಹೋಗಿತ್ತು, ಹಸಿದವರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಸಿಕ್ಕಿತ್ತು. ಇಷ್ಟೆಲ್ಲ ಆದ ಮೇಲೆ ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ ಜನರಿಗೆ ಆಜ್ಞೆ ಬಂತು. ಇವನ್ನು ಪಾಲಿಸಿದರೆ ಬಿಡಿಸುತ್ತೇನೆ ಅಂತ ದೇವರು ಐಗುಪ್ತದಲ್ಲಿ ಷರತ್ತು ಹಾಕಲಿಲ್ಲ.

ಹಾಗಾಗಿ ಬೈಬಲಿನ ಎರಡು ಭಾಗಗಳಲ್ಲಿ ಕೃಪೆ ಹೊಸ ಒಡಂಬಡಿಕೆಯದು, ಆಜ್ಞೆ ಹಳೆಯ ಒಡಂಬಡಿಕೆಯದು ಅಂತ ಗೆರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಎರಡು ಕಡೆಯೂ ಬಿಡುಗಡೆಯೇ ಮುಂದೆ, ಆಜ್ಞೆ ಅದರ ಹಿಂದೆ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ನಿಮ್ಮ ಪ್ರಶ್ನೆಯನ್ನೇ ಒಬ್ಬ ಮಗ ಕೇಳುತ್ತಾನೆ. ಅಪ್ಪಾ, ಈ ಆಜ್ಞೆ, ಕಟ್ಟಳೆ ಇವೆಲ್ಲ ಯಾಕೆ? ಅಪ್ಪ ಕೊಡಬೇಕಾದ ಉತ್ತರವನ್ನೂ ಮೋಶೆ ಅಲ್ಲೇ ಹೇಳಿಕೊಡುತ್ತಾನೆ. ‘ಪಾಲಿಸದಿದ್ದರೆ ನೋಡು’ ಅಂತ ಗದರಿಸುವ ಉತ್ತರ ಅದಲ್ಲ. ‘ನಾವು ಐಗುಪ್ತದಲ್ಲಿ ಫರೋಹನ ಗುಲಾಮರಾಗಿದ್ದೆವು ಮಗನೇ, ದೇವರು ನಮ್ಮನ್ನು ಬಿಡಿಸಿದರು’ ಅಂತ ಕಥೆ ಹೇಳುವ ಉತ್ತರ. ‘ನಿನ್ನ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು’ ಎಂಬ ಆಜ್ಞೆ ಇರುವುದೂ ಇದೇ ಅಧ್ಯಾಯದ 5ನೇ ವಚನದಲ್ಲಿ. ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ ಯೇಸು ಎತ್ತಿ ಹೇಳಿದ್ದು ಇದನ್ನೇ.

ಅದರ ಪಕ್ಕದಲ್ಲಿ ಯೇಸು ಇನ್ನೊಂದು ಆಜ್ಞೆ ಇಟ್ಟರು. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು.’ ಇದು ಯಾಜಕಕಾಂಡದ 19ನೇ ಅಧ್ಯಾಯದ್ದು. ನಿಮ್ಮ ಮನೆಯಲ್ಲಿ ಈಗ ಎಲ್ಲಕ್ಕಿಂತ ಜಾಸ್ತಿ ಓದಬೇಕಾದ ಅಧ್ಯಾಯ ಇದೇ ಅಂತ ನನಗನ್ನಿಸುತ್ತದೆ. ಯಾಜಕಕಾಂಡ ಅಂದ ತಕ್ಷಣ ಬಲಿ, ರಕ್ತ, ಹೊಗೆ ಅಂತ ಪುಟ ತಿರುಗಿಸಿಬಿಡುತ್ತೇವೆ. ಈ ಅಧ್ಯಾಯದಲ್ಲಿ ಇರುವುದು ಊರಿನ ಬದುಕು. ಬೆಳೆ ಕೊಯ್ಯುವಾಗ ಹೊಲದ ಮೂಲೆ ಬಿಡು, ಬಡವರಿಗೂ ಪರದೇಶಿಗಳಿಗೂ ಇರಲಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. ಕಿವಿ ಕೇಳದವನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಅಡ್ಡ ಇಡಬೇಡ. ಬೈದದ್ದು ಕಿವುಡನಿಗೆ ಗೊತ್ತಾಗುವುದಿಲ್ಲ, ಅಡ್ಡ ಇಟ್ಟವರು ಯಾರು ಅಂತ ಕುರುಡನಿಗೆ ಕಾಣುವುದಿಲ್ಲ. ಸಿಕ್ಕಿಬೀಳುವ ಭಯವೇ ಇಲ್ಲದ ಜಾಗ. ಅಲ್ಲಿಗೇ ಬಂದು ಆಜ್ಞೆ ‘ನಿನ್ನ ದೇವರಿಗೆ ಭಯಪಡು’ ಅನ್ನುತ್ತದೆ.

ನಂತರ ತೂಕದ ಮಾತು, 35 ಮತ್ತು 36ನೇ ವಚನ. ತಕ್ಕಡಿ ಸರಿ ಇರಬೇಕು, ತೂಕದ ಕಲ್ಲು ಸರಿ ಇರಬೇಕು, ಕಾಳು ಅಳೆಯುವ ಏಫಾ, ಎಣ್ಣೆ ಅಳೆಯುವ ಹಿನ್ ಸರಿ ಇರಬೇಕು. ಇಷ್ಟು ಹೇಳಿದ ಬೆನ್ನಿಗೇ ಏನು ಬರುತ್ತದೆ ಗೊತ್ತಾ? ‘ಐಗುಪ್ತದಿಂದ ನಿಮ್ಮನ್ನು ಕರೆತಂದ ದೇವರು ನಾನೇ.’ ದಶಾಜ್ಞೆಯ ತಲೆಯ ಮೇಲೆ ನಿಂತ ಅದೇ ಸಾಲು ಇಲ್ಲಿ ತಕ್ಕಡಿಯ ಪಕ್ಕದಲ್ಲಿ ಬಂದು ಕೂತಿದೆ. ತೂಕಕ್ಕೂ ಐಗುಪ್ತಕ್ಕೂ ಏನು ಸಂಬಂಧ? ಅವರು ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದವರು. ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆಯ ಲೆಕ್ಕ ಕೇಳಿಸಿಕೊಂಡವರು. ದುಡಿದವನ ಲೆಕ್ಕ ದೊಡ್ಡವರ ಕೈಯಲ್ಲಿದ್ದರೆ ಏನಾಗುತ್ತದೆ ಅಂತ ಅವರಿಗೆ ಮೈಮೇಲಿನ ಬಾಸುಂಡೆಯೇ ಹೇಳಿತ್ತು. ಅಲ್ಲಿಂದ ಬಿಡಿಸಿದ ದೇವರನ್ನು ಪ್ರೀತಿಸುವವನು ಇನ್ನೊಬ್ಬರಿಗೆ ಫರೋಹ ಆಗುವುದು ಹೇಗೆ?

ಮಲೆನಾಡಿನವರಿಗೆ ಇದು ದೂರದ ಕಥೆ ಅಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರಲ್ಲ, ಆ ಹೋರಾಟ ಹೊತ್ತಿಕೊಂಡ ಕಾರಣಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗವೂ ಒಂದು. ಒಡೆಯರ ಕೊಳಗ ದೊಡ್ಡದು, ಅಳೆದಷ್ಟೂ ಗೇಣಿದಾರನಿಗೇ ನಷ್ಟ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದು ಕ್ರೈಸ್ತರ ಹೋರಾಟ ಆಗಿರಲಿಲ್ಲ, ಯಾಜಕಕಾಂಡ ಓದಿ ಯಾರೂ ಬೀದಿಗೆ ಇಳಿದಿರಲಿಲ್ಲ. ಆದರೆ ಅಳತೆಯಲ್ಲಿ ಆಗುವ ಮೋಸ ಎಷ್ಟು ಆಳಕ್ಕೆ ನಾಟುತ್ತದೆ ಅಂತ ಈ ನೆಲದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಡೆಯ ಸಭೆಗಳಿಗೆ ಪಾಠಕ್ಕೆ ಬಂದಾಗ ನಾನು ಸುಲಿತದ ಮನೆಗಳಲ್ಲಿ ಕೂತಿದ್ದೇನೆ. ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕೂರುತ್ತಾರೆ. ಒಂದು ಕೈಯಲ್ಲಿ ಅಡಿಕೆ ಕತ್ತಿಗೆ ಒತ್ತಿ, ಇನ್ನೊಂದು ಕೈಯಲ್ಲಿ ಸಿಪ್ಪೆ ಎಳೆದು, ಬೇಳೆಯನ್ನು ಪಕ್ಕದ ಡಬ್ಬಕ್ಕೆ ಎಸೆಯುತ್ತಾರೆ. ಸಂಜೆಯ ಹೊತ್ತಿಗೆ ಬೆರಳ ತುದಿ ಕಪ್ಪಾಗಿ, ಚರ್ಮ ಬಿರಿದಿರುತ್ತದೆ. ತೂಗುವ ಸಮಯ ಬಂದಾಗ ನೋಡಬೇಕು. ಎಲ್ಲರ ಕಣ್ಣೂ ತಕ್ಕಡಿಯ ಕೆಂಪು ಅಂಕಿಯ ಮೇಲೆ. ಅಂಕಿ ನಿಂತ ಮೇಲೆ ಪುಸ್ತಕದಲ್ಲಿ ಬರೆಯುವವನು ಎಷ್ಟು ಬರೆದ ಅಂತ ಇಣುಕಿ ನೋಡುತ್ತಾರೆ. ಕಡಿಮೆ ಬರೆದರೂ ಹೆಚ್ಚಿನವರು ಮಾತಾಡುವುದಿಲ್ಲ. ನಾಳೆ ಕೆಲಸಕ್ಕೆ ಕರೆಯದಿದ್ದರೆ ಏನು ಮಾಡೋದು ಅನ್ನುವ ಚಿಂತೆ.

ಆ ಮೌನ ಎಲ್ಲಿಗೆ ಹೋಗುತ್ತದೆ ಅಂತ ಯಾಕೋಬ ಬರೆದಿದ್ದಾನೆ. ಹೊಲ ಕೊಯ್ದವರಿಂದ ಹಿಡಿದುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಅನ್ನುತ್ತಾನೆ. ಯಾಕೋಬನ ಪತ್ರ, 5ನೇ ಅಧ್ಯಾಯ, 4ನೇ ವಚನ. ಇದು ಹಳೆಯ ಒಡಂಬಡಿಕೆ ಅಲ್ಲ ಅಂತ ನಿಮ್ಮ ಯಜಮಾನರಿಗೆ ಹೇಳಿ. ಅವರು ಕಣ್ಣೀರಿಟ್ಟು ಹಾಡುವುದನ್ನು ನಾನು ಹಗುರವಾಗಿ ನೋಡುವುದಿಲ್ಲ, ಅದು ನಿಜವಾದ ಕಣ್ಣೀರೇ ಇರಬಹುದು. ಆದರೆ ಅವರ ಹಾಡು ಮುಟ್ಟುವ ಕಿವಿಗೇ ಆ ಹೆಂಗಸರ ಕೂಲಿಯ ಕೂಗೂ ಮುಟ್ಟುತ್ತಿದೆ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಅಂತ ಯೋಹಾನ ಹೇಳಿದ್ದು ಇಂಥದ್ದಕ್ಕೇ.

‘ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ’ ಎಂಬ ಮಾತು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 14ನೇ ವಚನದ್ದು. 15ನೇ ವಚನದಲ್ಲಿ ಪೌಲ ತಾನೇ ಕೇಳುತ್ತಾನೆ. ಹಾಗಾದರೆ ಪಾಪ ಮಾಡಬಹುದೋ? ಎಂದಿಗೂ ಇಲ್ಲ. ಧರ್ಮಶಾಸ್ತ್ರ ನಮಗೆ ತೀರ್ಪು ಕೊಡುವ ಅಧಿಕಾರ ಕಳೆದುಕೊಂಡಿದೆ, ಯಾಕೆಂದರೆ ಆ ತೀರ್ಪನ್ನು ಕ್ರಿಸ್ತ ಹೊತ್ತರು. ಆದರೆ ದೇವರಿಗೆ ಇಷ್ಟವಾದದ್ದು ಯಾವುದು ಅಂತ ತೋರಿಸುವ ಕೆಲಸ ಅದಕ್ಕೆ ಇನ್ನೂ ಇದೆ. ಪ್ರೀತಿ ಮಾತ್ರ ಸಾಕು, ಆಜ್ಞೆ ಬೇಡ ಅನ್ನುವವರನ್ನು ನಾನು ಕೇಳುವುದು ಇಷ್ಟೇ. ಯಾರನ್ನು, ಹೇಗೆ ಪ್ರೀತಿಸುತ್ತೀರಿ? ಆಜ್ಞೆ ಇಲ್ಲದಿದ್ದರೆ ನಮ್ಮ ಪ್ರೀತಿ ನಮಗೆ ಅನುಕೂಲ ಇದ್ದ ಕಡೆಗೇ ಹೋಗುತ್ತದೆ. ಹಾಡಿನ ಕಡೆಗೆ ಹೋಗುತ್ತದೆ, ತಕ್ಕಡಿಯ ಕಡೆಗೆ ಬರುವುದಿಲ್ಲ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1563ರಲ್ಲಿ ಬಂದ ಪ್ರಶ್ನೋತ್ತರ ಪಾಠವನ್ನು ಬರೆದವರು ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಅದರಲ್ಲಿ ಮೂರು ಭಾಗ. ಮನುಷ್ಯನ ದುರವಸ್ಥೆ, ಅವನ ಬಿಡುಗಡೆ, ಅವನ ಕೃತಜ್ಞತೆ. ದಶಾಜ್ಞೆಯ ವಿವರಣೆ ಬರುವುದು ಕೊನೆಯ ಭಾಗದಲ್ಲಿ. ಬಿಡುಗಡೆ ಆದವರು ದೇವರಿಗೆ ಹೇಳುವ ಧನ್ಯವಾದ ಅಂತ ಅವರು ಆಜ್ಞಾಪಾಲನೆಯನ್ನು ಕಂಡರು. ಅದು ಸರಿಯಾದ ಜಾಗ ಅಂತ ನನ್ನ ನಂಬಿಕೆ.

ಸುನ್ನತಿ, ಬಲಿ, ತಿನ್ನುವ ಪ್ರಾಣಿ ತಿನ್ನದ ಪ್ರಾಣಿ, ಇವನ್ನೆಲ್ಲ ನಾವೂ ಪಾಲಿಸಬೇಕಾ ಅಂತ ಯಾರಾದರೂ ಕೇಳಬಹುದು. ಬೇಡ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಹಿರಿಯರು ಕೂತು ಅನ್ಯಜನರ (ಯೆಹೂದ್ಯರಲ್ಲದವರ) ಮೇಲೆ ಆ ಭಾರ ಹೊರಿಸುವುದು ಬೇಡ ಅಂತ ತೀರ್ಮಾನಿಸಿದರು. ಆದರೆ ಕೂಲಿ ಮುರಿದುಕೊಳ್ಳಬಹುದು ಅಂತ ಯಾವ ಹಿರಿಯರೂ ತೀರ್ಮಾನಿಸಲಿಲ್ಲ.

ನಿಮ್ಮ ಯಜಮಾನರ ಜತೆ ಕೂತು ಓದಲು ಇನ್ನೊಂದು ಭಾಗ ಹೇಳುತ್ತೇನೆ, ಲೂಕ 19. ಯೆರಿಕೋವಿನ ಜಕ್ಕಾಯ ಸುಂಕದವರ ಮುಖಂಡ. ಲೆಕ್ಕಕ್ಕಿಂತ ಜಾಸ್ತಿ ಕಿತ್ತುಕೊಳ್ಳುವುದು ಆ ಕಾಲದ ಸುಂಕದವರ ವಾಡಿಕೆ. ಅವನೂ ‘ಎಲ್ಲ ಕಡೆ ಹೀಗೇ’ ಅನ್ನಬಹುದಿತ್ತು. ಯೇಸು ಅವನು ಹತ್ತಿ ಕೂತಿದ್ದ ಮರದ ಕೆಳಗೆ ನಿಂತು, ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು ಅಂದರು. ಮೋಸದ ಹಣ ವಾಪಸ್ ಕೊಟ್ಟು ಬಾ, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಯೇಸು ಮನೆಗೆ ಬಂದ ಮೇಲೆ, ಯಾರೂ ಕೇಳದೆ, ಅವನೇ ಎದ್ದು ನಿಂತ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಈ ನಾಲ್ಕರಷ್ಟು ಎಂಬ ಲೆಕ್ಕ ಕುರಿ ಕದ್ದವನಿಗೆ ವಿಮೋಚನಕಾಂಡ 22ರಲ್ಲಿ ಹೇಳಿದ ಲೆಕ್ಕ. ಕೃಪೆ ಮನೆಯೊಳಗೆ ಬಂದ ದಿನವೇ ಅವನು ಧರ್ಮಶಾಸ್ತ್ರದಲ್ಲಿ ಕಳ್ಳನಿಗೆ ಹೇಳಿದ ಕಠಿಣ ಲೆಕ್ಕವನ್ನು ತಾನಾಗಿಯೇ ಹೊತ್ತುಕೊಂಡ. ಬಲವಂತ ಎಲ್ಲೂ ಇಲ್ಲ.

ಇನ್ನು ನಿಮ್ಮ ಅತ್ತೆಯವರ ವಿಷಯ. ಅವರ ಶಿಸ್ತನ್ನು ದಯವಿಟ್ಟು ತಮಾಷೆ ಮಾಡಬೇಡಿ, ಬೇರೆಯವರು ಮಾಡಲೂ ಬಿಡಬೇಡಿ. ಆ ವಯಸ್ಸಿನವರ ಕಟ್ಟುನಿಟ್ಟಿನಿಂದಲೇ ಎಷ್ಟೋ ಮನೆಗಳಲ್ಲಿ ಬೈಬಲ್ ಓದು ಉಳಿದಿದೆ. ಆದರೆ ಹೆದರಿಕೆಯ ಪಾಲನೆ ಮನುಷ್ಯನನ್ನು ಒಳಗೇ ಒಣಗಿಸುತ್ತದೆ. ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯಲ್ಲಿ, ಮನೆ ಬಿಟ್ಟು ಹೋಗಿ ವಾಪಸ್ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿದಾಗ, ಹಿರಿಯ ಮಗ ಅಪ್ಪನಿಗೆ ಏನಂದ? ಇಷ್ಟು ವರ್ಷ ನಿನ್ನ ಸೇವೆ ಮಾಡಿದ್ದೇನೆ, ನಿನ್ನ ಒಂದು ಆಜ್ಞೆಯನ್ನೂ ಮೀರಲಿಲ್ಲ, ನೀನು ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂದ. ಮನೆಯಲ್ಲೇ ಇದ್ದು, ಎಲ್ಲವನ್ನೂ ಪಾಲಿಸಿ, ಅವನು ಆಳಿನ ಹಾಗೆ ಲೆಕ್ಕ ಇಟ್ಟುಕೊಂಡಿದ್ದ. ಅಪ್ಪ ಅವನನ್ನು ಬೈಯಲಿಲ್ಲ. ಹೊರಗೆ ಬಂದು ಬೇಡಿಕೊಂಡ, ‘ಮಗನೇ’ ಅಂತ ಕರೆದ, ನನ್ನದೆಲ್ಲ ನಿನ್ನದೇ ಅಂದ.

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮನೆಗೆ ಅಂತ ಒಂದು ಚಿಕ್ಕ ಪ್ರಶ್ನೋತ್ತರ ಪಾಠ ಬರೆದರು. ಅದರಲ್ಲಿ ಹತ್ತು ಆಜ್ಞೆಗಳ ವಿವರಣೆಯಲ್ಲೂ ದೇವರ ಭಯ ಮತ್ತು ದೇವರ ಪ್ರೀತಿ ಜೋಡಿಯಾಗಿಯೇ ಬರುತ್ತವೆ. ಅತ್ತೆಯವರಿಗೆ ಮೊದಲನೆಯದು ಯಾರೋ ಚೆನ್ನಾಗಿ ಕಲಿಸಿದ್ದಾರೆ. ಎರಡನೆಯದನ್ನು ನೀವು ಓದಿ ಹೇಳಬಹುದು. 1 ಯೋಹಾನ 4ನೇ ಅಧ್ಯಾಯ ಸಾಕು, ಒಂದು ಸಂಜೆಗೆ ಒಂದಿಷ್ಟು. ಪೂರ್ಣ ಪ್ರೀತಿ ಹೆದರಿಕೆಯನ್ನು ಹೊರಗೆ ಹಾಕುತ್ತದೆ ಎಂಬ ಮಾತು ಅಲ್ಲಿದೆ. ದೇವರು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಎಂಬ ಮಾತೂ ಅಲ್ಲೇ ಇದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಚರ್ಚಿಗೆ ಹೋಗಲಾಗದ ಭಾನುವಾರ ಮನೆಯಲ್ಲೇ ಅವರ ಪಕ್ಕ ಕೂತು ಪ್ರಾರ್ಥನೆ ಮಾಡಿ. ವಾದ ಮಾಡುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಹಾಗಾಗಿ ಇಬ್ಬರಲ್ಲಿ ಯಾರು ಸರಿ ಅಂತ ಆರಿಸಲು ನಾನು ಹೋಗುವುದಿಲ್ಲ. ಯೇಸು ‘ನನ್ನನ್ನು ಪ್ರೀತಿಸುವುದಾದರೆ ನನ್ನ ಆಜ್ಞೆಗಳನ್ನು ಪಾಲಿಸುವಿರಿ’ ಅಂದದ್ದು ಶಿಷ್ಯರ ಕಾಲು ತೊಳೆದ ರಾತ್ರಿಯೇ. ಈ ರಾತ್ರಿಯೇ ಇವರು ನನ್ನನ್ನು ಬಿಟ್ಟು ಓಡುತ್ತಾರೆ ಅಂತ ಗೊತ್ತಿದ್ದೂ ಹೇಳಿದ ಮಾತು. ನೀವಿನ್ನು ಆಳುಗಳಲ್ಲ, ಸ್ನೇಹಿತರು ಅಂದದ್ದೂ ಅದೇ ರಾತ್ರಿ. ಯಜಮಾನರಿಗೆ ‘ಪ್ರೀತಿಸುವುದಾದರೆ ಪಾಲಿಸುವಿರಿ’ ಎಂಬ ಮಾತಿನ ಎರಡನೆಯ ಅರ್ಧ ಬೇಕು, ಅತ್ತೆಯವರಿಗೆ ಮೊದಲನೆಯ ಅರ್ಧ.

ಸರ್ಕಾರದ ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೌದು, ತೆರಿಗೆ ತಪ್ಪಿಸಲು ಬಿಲ್ ಇಲ್ಲದೆ ಮಾರುವುದು ತಪ್ಪೇ. ತೆರಿಗೆ ಕೊಡಬೇಕಾದವರಿಗೆ ತೆರಿಗೆ ಕೊಡಿ ಅಂತ ರೋಮಾಪುರದವರಿಗೆ 13ರಲ್ಲಿ ಪೌಲ ಬರೆದಾಗ ಸಿಂಹಾಸನದ ಮೇಲೆ ಇದ್ದದ್ದು ರೋಮಿನ ಕ್ರೂರ ಚಕ್ರವರ್ತಿ ನೀರೋ. ಒಳ್ಳೆಯ ಸರ್ಕಾರ ಬಂದ ಮೇಲೆ ಕೊಡುತ್ತೇವೆ ಅನ್ನಲು ಅವನು ಅವಕಾಶ ಕೊಡಲಿಲ್ಲ. ಅದರ ಮುಂದಿನ ಮಾತೇ, ಪ್ರೀತಿಯ ಸಾಲ ಬಿಟ್ಟು ಬೇರೆ ಯಾವ ಸಾಲವೂ ಇರಬಾರದು, ಪ್ರೀತಿಸುವವನು ಧರ್ಮಶಾಸ್ತ್ರವನ್ನೆಲ್ಲ ನೆರವೇರಿಸಿದ್ದಾನೆ ಎಂಬುದು. ತೆರಿಗೆ ಮತ್ತು ಪ್ರೀತಿ ಒಂದೇ ಪುಟದಲ್ಲಿವೆ.

ಅದಕ್ಕೊಂದು ಮಿತಿಯೂ ಇದೆ. ಗಂಡು ಕೂಸುಗಳನ್ನು ಕೊಲ್ಲಿ ಅಂತ ಫರೋಹ ಹೇಳಿದಾಗ ಇಬ್ರಿಯ ಸೂಲಗಿತ್ತಿಯರು ಕೇಳಲಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಯೇಸುವಿನ ಶಿಷ್ಯ ಪೇತ್ರ ಆಡಳಿತದ ಮುಂದೆಯೇ ಹೇಳಿದ. ಕಾನೂನು ಪಾಲಿಸುವುದು ಅಂದರೆ ಅನ್ಯಾಯಕ್ಕೆ ಬಾಯಿ ಮುಚ್ಚಿಕೊಳ್ಳುವುದು ಅಂತಲೂ ಅಲ್ಲ. ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ, ಗದ್ದೆ ಮುಳುಗಿಸಿಕೊಂಡ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಹಕ್ಕುಪತ್ರಕ್ಕಾಗಿ ದಶಕಗಳಿಂದ ಕಚೇರಿ ಅಲೆಯುತ್ತಿವೆ. ಅವರ ಜತೆ ನಿಂತು ನ್ಯಾಯ ಕೇಳುವುದೂ ನೆರೆಯವನನ್ನು ಪ್ರೀತಿಸುವ ಆಜ್ಞೆಯ ಪಾಲನೆಯೇ. ಆದರೆ ಬಿಲ್ ತಪ್ಪಿಸುವವರು ಸೂಲಗಿತ್ತಿಯರ ಹೆಸರು ಹೇಳಬಾರದು. ಅವರು ಕೂಸುಗಳನ್ನು ಉಳಿಸಿದರು, ಇಲ್ಲಿ ಉಳಿಯುವುದು ನಮ್ಮ ದುಡ್ಡು.

ಕೊನೆಗೆ ನಿಮ್ಮ ಮಾತು. ಪ್ರೀತಿ ಉಕ್ಕಿ ಬರುವುದಿಲ್ಲ, ಮಾಡಬೇಕಲ್ಲ ಅಂತ ಮಾಡುತ್ತೇನೆ ಅಂದಿರಿ. ಅದನ್ನು ಕಪಟ ಅನ್ನಬೇಡಿ. ಇಲ್ಲದ್ದನ್ನು ಇದೆ ಅಂತ ಜನರಿಗೆ ತೋರಿಸುವುದು ಕಪಟ. ನೀವು ಇಲ್ಲ ಅಂತ ಬಾಯಿಬಿಟ್ಟು ಹೇಳಿದಿರಿ, ಆದರೂ ಮಾಡುತ್ತಿದ್ದೀರಿ. ಮೂರು ಸಲ ಯೇಸುವನ್ನು ಅರಿಯೆ ಅಂದಿದ್ದ ಪೇತ್ರನನ್ನು ಯೇಸು ಕೆರೆಯ ದಡದಲ್ಲಿ ಮೂರು ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಅಂತ. ಪ್ರತಿ ಸಲ ಉತ್ತರ ಬಂದ ಮೇಲೆ ಒಂದು ಕೆಲಸ ಕೊಟ್ಟರು, ನನ್ನ ಕುರಿಗಳನ್ನು ನೋಡಿಕೋ. ನಿನಗೆ ಎಷ್ಟು ಉಕ್ಕುತ್ತಿದೆ ಅಂತ ಅಳೆಯಲಿಲ್ಲ. ಇಷ್ಟು ಕಾಲದ ಪಾಠದಲ್ಲಿ ನಾನು ಕಂಡದ್ದೂ ಹಾಗೇ. ಕೆಲವರಲ್ಲಿ ಪ್ರೀತಿ ಮೊದಲು ಬಂದು ಕೈಯನ್ನು ಎಬ್ಬಿಸುತ್ತದೆ, ಕೆಲವರಲ್ಲಿ ಕೈ ಮೊದಲು ಏಳುತ್ತದೆ. ನನಗೆ ಪ್ರೀತಿ ಕೊಡಿ ಅಂತ ಪ್ರಾರ್ಥಿಸಿ, ಕೆಲಸ ನಿಲ್ಲಿಸಬೇಡಿ.

ನಿಮಗೆ ಸದ್ಯ ಬಂದಿರುವ ಕೆಲಸ ಸುಲಿತದ ಪುಸ್ತಕ. ಜನರ ಮುಂದೆ ಗಂಡನ ತಪ್ಪು ಎತ್ತಿ ಆಡಬೇಡಿ. ಲೂಕ 19 ಓದಿದ ಮೇಲೆ ಇಬ್ಬರೇ ಕೂತು ಹೋದ ಸುಗ್ಗಿಯ ಲೆಕ್ಕ ತೆಗೆಯಿರಿ. ಯಾರ್ಯಾರಿಗೆ ಎಷ್ಟೆಷ್ಟು ಮುರಿದಿದೆ ಅಂತ ಹೆಸರು ಹಿಡಿದು ಬರೆಯಿರಿ. ನಾಲ್ಕರಷ್ಟು ಆಗದಿದ್ದರೂ ಮುರಿದಷ್ಟನ್ನು ಪೂರ್ತಿ ಅವರ ಕೈಗೇ ಕೊಡಿ. ಕಾಣಿಕೆ ಪೆಟ್ಟಿಗೆಗೆ ಹಾಕಿ ಮುಗಿಸಬೇಡಿ, ಆ ದುಡ್ಡು ಚರ್ಚಿನದಲ್ಲ. ಸಿಪ್ಪೆ, ಕಸ ನಿಜವಾಗಿ ಇದ್ದರೆ ಅವರ ಎದುರಿಗೇ ಆರಿಸಿ ತೆಗೆದು ಆಮೇಲೆ ತೂಗಿ. ಈ ಸಲದ ಕೊಯ್ಲು ಶುರುವಾಗುವ ಮುಂಚೆ ತಕ್ಕಡಿಯನ್ನು ತೂಕ ಮತ್ತು ಅಳತೆ ಇಲಾಖೆಯವರಿಗೆ ತೋರಿಸಿ ಮುದ್ರೆ ಹಾಕಿಸಿ, ಅಂಕಿ ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಇಡಿ. ಬರೆದುಕೊಳ್ಳುವ ಕೆಲಸವನ್ನು ಆ ಹೆಂಗಸರಲ್ಲೇ ಒಬ್ಬರಿಗೆ ಕೊಟ್ಟರೆ ಇನ್ನೂ ಒಳ್ಳೆಯದು.